ಸದ್ದಿಲ್ಲದ ರೀಲಿನಲ್ಲಿ ಗರಗದಾಯಿ ಅತ್ತದ್ದು

ನಮ್ಮ ಮಾಮಾನ ಗಿರಾಕಿಗಳು ಬಹಳ ಶಾಂತ ಸ್ವಭಾವದವರು. ಕೂಡ್ರಿಸಿದಲ್ಲಿ ಕೂಡುತ್ತಿದ್ದರು, ಕೆಮ್ಮುತ್ತಿರಲಿಲ್ಲ, ಕಣ್ಣು ಪಿಳುಕಿಸುತ್ತಿರಲಿಲ್ಲ, 'ನನ್ನ ಮೂಗು ದಪ್ಪ ಬಂದೈತಲ್ರಿ' ಎಂದು ಆಮೇಲೆ ಬಂದು ಜಗಳ ತೆಗೆಯುತ್ತಿರಲಿಲ್ಲ. ಹೆಚ್ಚಿನವರು ಸತ್ತವರೇ ಆಗಿದ್ದರಿಂದ ಇದೆಲ್ಲ ಸಾಧ್ಯವಾಗಿತ್ತು.

ಮಾಮಾ ಅಂದರೆ ನಮ್ಮವ್ವನ ತಮ್ಮ. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಅವನ ಫೋಟೋ ಸ್ಟುಡಿಯೊ, ಅದರ ಹಿಂದೆಯೇ ಮನೆ. ನಮ್ಮ ಮಂದಿ ಬದುಕಿದ್ದಾಗ ಫೋಟೋದ ಗೊಡವೆಗೆ ಹೋಗುವವರಲ್ಲ. ಹತ್ತಿ ಬಿಡಿಸುವುದು, ಮದುವೆ ಮಾಡುವುದು, ಕೋರ್ಟಿಗೆ ಅಲೆಯುವುದು ಇವುಗಳ ನಡುವೆ ಅದಕ್ಕೆ ಪುರಸೊತ್ತೆಲ್ಲಿ? ಸತ್ತ ದಿನ ಮಾತ್ರ ಮನೆಯವರಿಗೆಲ್ಲ ಒಮ್ಮೆಲೇ ನೆನಪಾಗುತ್ತದೆ, ನಾಳೆಯಿಂದ ಈ ಮುಖ ಇಲ್ಲ ಎಂದು. ನಮ್ಮಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಹಣೆತುಂಬ ವಿಭೂತಿ ಹಚ್ಚಿ, ಹೊಸ ಬಟ್ಟೆ ಹಾಕಿ, ಕೊರಳಿಗೆ ಹೂವು ಹಾಕಿ, ಗೋಡೆಗೆ ಆನಿಸಿ ಮಹಾರಾಜರ ಹಾಗೆ ಕೂಡ್ರಿಸುತ್ತಾರೆ. ಆಗ ಒಂದು ಟಾಂಗಾ ನಮ್ಮ ಸ್ಟುಡಿಯೊದ ಮುಂದೆ ಬಂದು ನಿಲ್ಲುತ್ತಿತ್ತು. ಅಳುಮುಖದ ಮಗನೊಬ್ಬ ಇಳಿದು, "ಲಗೂ ಬರ್ರಿ, ಅಪ್ಪಾರನ್ನ ಕೂಡ್ರಿಸೇವಿ" ಎನ್ನುತ್ತಿದ್ದ.

ಕೂತ ಹೆಣಕ್ಕೆ ಒಂದೇ ತೊಂದರೆ, ಗದ್ದ ಇಳಿಯುತ್ತದೆ. ಮಾಮಾ ಕ್ಯಾಮೆರಾದ ಕರೀ ಬಟ್ಟೆಯೊಳಗಿಂದ ಹೊರಗೆ ಬಂದು, ಎರಡು ಬೆರಳಿನಿಂದ ಆ ಗದ್ದವನ್ನು ಮೆಲ್ಲಗೆ ಎತ್ತಿ, ರೂಢಿಯ ಮೇಲೆ "ಸ್ವಲ್ಪ ಹಿಂಗ ನೋಡ್ರಿ ಯಜಮಾನ್ರ" ಎಂದುಬಿಡುತ್ತಿದ್ದ. ಅಷ್ಟು ಹೊತ್ತು ತಡೆದುಕೊಂಡಿದ್ದ ಮನೆಯವರೆಲ್ಲ ಆ ಮಾತಿಗೆ ಹೋ ಎಂದು ಅಳುತ್ತಿದ್ದರು.

ಇದನ್ನು ನಾನು ಮನೆಯಲ್ಲಿ ಮಾಡಿ ತೋರಿಸುತ್ತಿದ್ದೆ. ಮೊದಲು ಹೆಣವಾಗಿ ಗದ್ದ ಇಳಿಬಿಡುವುದು, ಆಮೇಲೆ ಮಾಮಾ ಆಗಿ ಎತ್ತುವುದು. ಎರಡೂ ಪಾತ್ರ ನನ್ನವೇ. ಮಾಮಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಹಂಗ ಮಾಡಬ್ಯಾಡೋ, ಪಾಪ ಬರತೈತಿ" ಅನ್ನುವುದು, ಮರುಗಳಿಗೆಗೆ "ಇನ್ನೊಮ್ಮಿ ಮಾಡು" ಅನ್ನುವುದು. ನಾನು ಹಳ್ಳಿಯಿಂದ ಹುಬ್ಬಳ್ಳಿಗೆ ಸಾಲಿ ಕಲಿಯಲಿಕ್ಕೆ ಬಂದವನು. ಸಾಲಿಯಲ್ಲಿ ಮಾಸ್ತರರನ್ನು ಮಾತ್ರ ಪೂರ್ತಿ ಕಲಿತೆ, ಅವರ ಕೆಮ್ಮು, ನಡಿಗೆ, ನಶ್ಯ ಏರಿಸುವ ರೀತಿ ಸಹಿತ. ಪರೀಕ್ಷೆಯಲ್ಲಿ ಇವನ್ನು ಕೇಳಲಿಲ್ಲ. ಹೀಗಾಗಿ ಸಿನಿಮಾ ಥೇಟರಿನಲ್ಲಿ ನೌಕರಿ ಹಿಡಿದೆ. ಮಾತಾಡುವ ಚಿತ್ರಗಳು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಪಡದೆಯ ಮೇಲೆ ರಾಜ ಬಾಯಿ ತೆರೆದರೆ ಬಾಜೂ ನಿಂತು ರಾಜನ ಮಾತು, ರಾಣಿ ತೆರೆದರೆ ರಾಣಿಯ ಮಾತು, ಕುದುರೆ ತೆರೆದರೆ ಕುದುರೆಯದು ಹೇಳುವುದು ನನ್ನ ಉದ್ಯೋಗ. ಕುದುರೆಗೆ ಚಪ್ಪಾಳೆ ಹೆಚ್ಚು ಬೀಳುತ್ತಿತ್ತು.

ಮಾಮಿ ಮಾತ್ರ ಎಂದೂ ಫೋಟೋ ತೆಗೆಸಿಕೊಳ್ಳಲಿಲ್ಲ. ಮಾಮಾ ಕರೆದಾಗಲೆಲ್ಲ ಒಂದೇ ಉತ್ತರ.

"ನಿಮ್ಮ ಕ್ಯಾಮೆರಾದ ಮುಂದ ಕೂತವರು ಎದ್ದು ಊಟಾ ಮಾಡಿದ್ದು ನಾ ನೋಡಿಲ್ಲ. ನನಗ ಇನ್ನೂ ಹಸಿವಿ ಐತಿ."

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಬಂತು, ಬಿಟ್ಟಿತು, ಮತ್ತೆ ಬಂತು. ಬಿಟ್ಟಿದೆ ಎಂದುಕೊಂಡ ಮುಂಜಾನೆಯೇ ರಾಯಾಪುರದ ಕಡೆಯಿಂದ ಟಾಂಗಾ ಬಂದು ನಿಂತಿತು, ಅಲ್ಲಿಯ ಗೌಡರೊಬ್ಬರನ್ನು ಕೂಡ್ರಿಸಿದ್ದರು. ಮಾಮಿಯೇ "ಹೋಗಿ ಬರ್ರಿ, ಸತ್ತವರನ್ನ ಕಾಯಸಬಾರದು" ಎಂದು ಕಳಿಸಿದಳು. ಮಾಮಾ ಗೌಡರ ಗದ್ದ ಎತ್ತುತ್ತಿರುವಾಗ ಇಲ್ಲಿ ಮಾಮಿ ಹೋಗಿಬಿಟ್ಟಳು.

ಅವನು ತಿರುಗಿ ಬರುವಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳು ಅವಳನ್ನು ಪಡಸಾಲೆಯಲ್ಲಿ ಕೂಡ್ರಿಸಿದ್ದರು. ಜ್ವರದ ಸುದ್ದಿ ಕೇಳಿ ಹಿಂದಿನ ರಾತ್ರಿಯೇ ತನ್ನ ಊರು ಗರಗದಿಂದ ಚಕ್ಕಡಿ ಮಾಡಿಕೊಂಡು ಹೊರಟಿದ್ದ ಮಾಮಿಯ ತಾಯಿಯೂ ಬಂದು ಮುಟ್ಟಿದ್ದಳು. ಆಕೆ ಗರಗದಲ್ಲಿ ಚರಕದ ಮುಂದೆ ಕೂತು ನೂಲು ತೆಗೆಯುತ್ತಲೇ ಮುದುಕಿಯಾದವಳು. ನಾವೆಲ್ಲ ಗರಗದಾಯಿ ಎನ್ನುತ್ತಿದ್ದೆವು. ಮಾಮಾ ಯಾರ ಕಡೆಗೂ ನೋಡಲಿಲ್ಲ. ಟಾಂಗಾದಿಂದ ಇಳಿಸಿದ ಕ್ಯಾಮೆರಾವನ್ನು ಹಾಗೇ ತಂದು ಪಡಸಾಲೆಯಲ್ಲಿ ನಿಲ್ಲಿಸಿ, ಕರೀ ಬಟ್ಟೆಯೊಳಗೆ ತಲೆ ಹಾಕಿದ.

ಹಾಕಿದವನು ಹೊರಗೆ ಬರಲಿಲ್ಲ.

ಮಂದಿ ಕಾಯ್ದರು. ಹಿರಿಯರೊಬ್ಬರು ಹೊತ್ತು ಮುಳುಗುತ್ತದೆಂದರು. ಆಗಷ್ಟೇ ಹಾಡ್ಯಾಡಿ ಅಳಲಿಕ್ಕೆ ಸುರು ಮಾಡಿದ್ದ ಗರಗದಾಯಿಯನ್ನು ರಟ್ಟೆ ಹಿಡಿದು ಎಬ್ಬಿಸಿದರು. ಭಜನೆಯವರು ತಾಳ ಕುಟ್ಟಿದರು. ಮಾಮಿಯನ್ನು ಎತ್ತಿಕೊಂಡು ಹೋದ ಮೇಲೂ ಮಾಮಾ ಖಾಲಿ ಗೋಡೆಯ ಮುಂದೆ ಬಟ್ಟೆಯೊಳಗೇ ಇದ್ದ. ನಾನು ಹೋಗಿ ಬಟ್ಟೆ ಎಳೆದೆ. "ತಗದ್ರೇನು?" ಎಂದೆ. ಅವನು ಮಂದಿಯ ಬೆನ್ನು ಹತ್ತಿ ಹೋದ. ಫೋಟೋ ಮೂಡಬೇಕಾದ ಗಾಜಿನ ಪ್ಲೇಟು ಡಬ್ಬಿಯಲ್ಲೇ ಇತ್ತು.

ಮಾಮಿಯ ದಿವಸದ ಕಾರ್ಯ ಮುಗಿದ ಮೇಲೆ ಗರಗದಾಯಿ ನನ್ನನ್ನು ಕರೆದಳು. ನಮ್ಮ ಕಡೆ ಅತ್ತೆ ಅಳಿಯನ ಜೊತೆ ಎದುರಾ ಎದುರು ಮಾತಾಡುವುದಿಲ್ಲ. ಅಳಿಯ ಇತ್ತ ಬಂದರೆ ಆಕೆ ಸೆರಗು ಎಳೆದುಕೊಂಡು ಅತ್ತ ಸರಿಯಬೇಕು. ಏನಾದರೂ ಹೇಳುವುದಿದ್ದರೆ ನಡುವೆ ಒಬ್ಬರು ಬೇಕು, ಆ ಒಬ್ಬ ಯಾವಾಗಲೂ ನಾನೇ.

"ಅವರಿಗೆ ಕೇಳು," ಎಂದಳು, ಮಾಮಾ ನಾಲ್ಕು ಮಾರಿನ ಮೇಲೆ ಕೂತಿದ್ದರೂ. "ನನ್ನ ಮಗಳ ಫೋಟೋ ಎಲ್ಲೈತಿ ಅಂತ ಕೇಳು."

"ಮಾಮಾ, ಆಯಿ ಕೇಳತಾಳ, ಫೋಟೋ ಎಲ್ಲೈತಿ ಅಂತ."

"ಬಂದಿಲ್ಲ ಅಂತ ಹೇಳು."

"ಬಂದಿಲ್ಲಂತ, ಆಯಿ."

"ಊರಾಗಿನ ಎಲ್ಲಾರದೂ ಬರತೈತಿ, ಆಕಿದಽ ಯಾಕ ಬರಲಿಲ್ಲ ಅಂತ ಕೇಳು."

ಮಾಮಾ ಎದ್ದು ಸ್ಟುಡಿಯೊದೊಳಗೆ ಹೋದ. ಗರಗದಾಯಿ ಗಂಟು ಕಟ್ಟಿಕೊಂಡು ಗರಗಕ್ಕೆ ಹೋದಳು. ಆ ಪ್ರಶ್ನೆ ಮಾತ್ರ ನನ್ನ ಹತ್ತಿರ ಉಳಿಯಿತು, ಅಂಚೆಯವನ ಚೀಲದಲ್ಲಿ ವಿಳಾಸ ಸಿಗದ ಕಾಗದ ಉಳಿದ ಹಾಗೆ.

ಆಮೇಲೆ ಮಾಮಾ ಹೆಣಗಳಿಗೆ ಹೋಗುವುದನ್ನು ಬಿಟ್ಟ. ಟಾಂಗಾ ಬಂದರೆ ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದ. ಒಂದು ದಿನ ಕೊಲ್ಲಾಪುರಕ್ಕೆ ಹೋಗಿ, ಬಾಗಿಲು ಹಾಕಿದ ಯಾವುದೋ ಚಿತ್ರದ ಕಂಪನಿಯ ಹಳೆಯ ಕ್ಯಾಮೆರಾ ಹೊತ್ತು ತಂದ. ಬಾಜೂಕ್ಕೆ ಹಿಡಿಕೆ, ಅದನ್ನು ತಿರುವಿದರೆ ಒಳಗೆ ರೀಲು ಓಡುವಂಥಾದ್ದು.

"ದುಃಖದ ಮ್ಯಾಲೆ ಒಂದು ಚಿತ್ರಾ ಮಾಡತೇನಿ," ಎಂದ.

"ಕಥಿ ಏನ್ರಿ ಮಾಮಾ?"

"ಹೆಂಡತಿ ಸಾಯತಾಳ."

"ಆಮ್ಯಾಲೆ?"

"ಆಮ್ಯಾಲೇನು? ಆಮ್ಯಾಲೆ ಏನೂ ಇಲ್ಲ."

"ಹಂಗಾದ್ರ ಚಿತ್ರಾ ಲಗೂ ಮುಗಿತೈತಿ ಬಿಡ್ರಿ," ಎಂದೆ. ಮಾಮಾ ನಗಲಿಲ್ಲ. ನಗಿಸುವವರು ಮನೆಯಲ್ಲಿ ಇನ್ನೂ ಇದ್ದರು, ನಗುವವಳು ಇರಲಿಲ್ಲ.

ಮೊದಲನೆಯ ದೃಶ್ಯಕ್ಕೆ ಸತ್ತ ಹೆಂಡತಿ ಬೇಕಾಗಿತ್ತು. ಬದುಕಿದ ಹೆಂಗಸೇ ಕ್ಯಾಮೆರಾದ ಮುಂದೆ ಬರದ ಊರಲ್ಲಿ ಸತ್ತ ಹೆಂಗಸಾಗಲಿಕ್ಕೆ ಯಾರು ಬರುತ್ತಾರೆ? ನಾಟಕ ಕಂಪನಿಯವರಿಂದ ಸೀರೆ, ಚೌರಿ ಎರವಲು ತಂದು ನಾನೇ ಉಟ್ಟೆ. ಮೀಸೆ ಬೋಳಿಸಿಕೊಂಡೆ. ಅದೇ ತಾನೇ ಚಿಗುರಿದ ಮೀಸೆ, ಅದಕ್ಕೂ ಯಾರಾದರೂ ದುಃಖ ಪಡಬೇಕಿತ್ತು, ಇರಲಿ. ವಿಭೂತಿ ಹಚ್ಚಿಕೊಂಡು, ಹೂವು ಹಾಕಿಕೊಂಡು, ಮಾಮಿ ಕೂತಿದ್ದ ಗೋಡೆಗೇ ಆನಿ ಕೂತೆ. ಮಾಮಾ ಹಿಡಿಕೆ ತಿರುವಿದ. ನನ್ನ ಮೂಗಿನ ಮೇಲೆ ನೊಣ ಕೂತಿತು. ನಾನು ಸತ್ತೇ ಇದ್ದೆ.

ಮಾಮಾ ನಿಲ್ಲಿಸಿದ. "ಏನೂ ಅಲ್ಲಾಡವಲ್ದು," ಎಂದ ಬೇಸರದಿಂದ.

"ಸತ್ತೇನಲ್ರಿ."

"ಹಂಗಾದ್ರ ಇದಕ್ಕ ರೀಲು ಯಾಕ ಬೇಕು? ಫೋಟೋನಽ ಸಾಕಾಗಿತ್ತು."

ಆ ಮಾತು ಅವನ ಬಾಯಿಂದಲೇ ಬಂತು. ಬಂದ ಮೇಲೆ ಅವನಿಗೇ ಕೇಳಿಸಿತು. ನನ್ನ ಹತ್ತಿರ ಬಂದು, ಎರಡು ಬೆರಳು ಗದ್ದದ ಕೆಳಗೆ ಇಟ್ಟ. ಆ ಬೆರಳನ್ನು ನಾನು ನೂರು ಸಲ ನಕಲು ಮಾಡಿದವನು. ಆದರೆ ಅವು ಇಷ್ಟು ಹಗುರ ಎಂಬುದು ನನಗೆ ಗೊತ್ತಿರಲಿಲ್ಲ. ಎತ್ತಲಿಲ್ಲ ಅವನು. "ಗಡ್ಡಾ ಚುಚ್ಚತೈತಿ" ಎಂದು ಹಿತ್ತಲಿಗೆ ಹೋದ. ಆ ಮುಂಜಾನೆಯೇ ಮಾಡಿಸಿಕೊಂಡ ಗಡ್ಡ.

ನಮ್ಮ ಥೇಟರಿನ ಮಶೀನು ತಿರುಗಿಸುವ ಮುಸಲ್ಮಾನ ಚಾಚಾಗೆ ಇದನ್ನು ಹೇಳಿದೆ, ಮಾಮಾನ ದನಿಯಲ್ಲಿ, ನನ್ನ ದನಿಯಲ್ಲಿ, ನೊಣದ ದನಿಯಲ್ಲಿ. ಚಾಚಾ ಎಲ್ಲ ಕೇಳಿ, "ನಿನ್ನ ಮಾಮಾ ಹುಚ್ಚ ಅದಾನೋ," ಎಂದ. "ಸತ್ತವರಿಗೆ ಏನ ದುಃಖ? ದುಃಖ ತೋರಿಸೋದಿದ್ರ ಅಳೋರನ್ನ ತೋರಿಸಬೇಕು."

ಇದನ್ನು ಮಾಮಾಗೆ ಹೇಳಿದೆ. ಅಳುವವರು ಅಂದಾಗ ನನಗೂ ಅವನಿಗೂ ಗರಗದಾಯಿ ಬಿಟ್ಟು ಬೇರೆ ಯಾರೂ ನೆನಪಾಗಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಬರೀ ಕಣ್ಣೀರು ಸುರಿಸುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವಳು ಹುಟ್ಟಿದ್ದು, ಬೆಳೆದದ್ದು, ಕೊಟ್ಟ ಮನೆಯಲ್ಲಿ ಆದದ್ದು, ಆಗದ್ದು ಎಲ್ಲವನ್ನೂ ರಾಗ ಎಳೆದು ಹೇಳುತ್ತಾರೆ. ಆ ಹೊತ್ತಿನಲ್ಲಿ ಹೆಣ್ಣುಮಗಳು ಯಾರನ್ನು ಏನು ಬೇಕಾದರೂ ಅನ್ನಬಹುದು. ಮಾವನನ್ನು, ಅಳಿಯನನ್ನು, ದೇವರನ್ನು, ಎಲ್ಲರನ್ನೂ ಏಕವಚನದಲ್ಲಿ. ಯಾರೂ ಸಿಟ್ಟಾಗುವ ಹಾಗಿಲ್ಲ. ಗರಗದಾಯಿಯದು ಸುರು ಆಗುವಷ್ಟರಲ್ಲಿ ಹೊತ್ತು ಮುಳುಗುತ್ತದೆಂದು ನಿಲ್ಲಿಸಿದ್ದರು. ಉಳಿದದ್ದೆಲ್ಲ ಆಕೆಯ ಗಂಟಲಲ್ಲೇ ಇತ್ತು.

ನಾನು ಗರಗಕ್ಕೆ ಹೋದೆ. ಆಯಿ ಚರಕದ ಮುಂದೆ ಕೂತಿದ್ದಳು. ವಿಷಯ ಹೇಳಿದೆ. ಆಕೆ ನೂಲು ಎಳೆಯುತ್ತಲೇ ಇದ್ದಳು.

"ಅಳೂದು ಅಂದ್ರ ಸಂತ್ಯಾಗ ಬದನಿಕಾಯಿ ತೋರಿಸಿದಂಗೇನೋ? ಬ್ಯಾಡ ಅಂತ ಹೇಳು."

"ಆತು, ಹೇಳತೇನಿ."

ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿದಳು, "ಅವರೂ ಅಲ್ಲೇ ಇರತಾರೇನು?"

"ಹಿಡಿಕಿ ತಿರುವೋರಽ ಅವರು."

"ತಿರುವೂ ಮುಂದ ನಡುವ ಎದ್ದು ಹೋಗಾಕ ಬರತೈತೇನು?"

"ಬರೂದಿಲ್ಲ. ಕೈ ನಿಂತ್ರ ಚಿತ್ರಾ ಕೆಡತೈತಿ."

"ಕರೀ ಬಟ್ಟಿ?"

"ಈ ಕ್ಯಾಮೆರಾಕ್ಕ ಬಟ್ಟಿ ಇಲ್ಲ, ಆಯಿ."

ಆಕೆಯ ಕೈಯಲ್ಲಿಯ ಎಳೆ ನಿಂತಿತು. "ಹಂಗಾರ ಬರತೇನಿ," ಎಂದಳು.

ಮರುದಿನ ಮುಂಜಾನೆ ಹಿತ್ತಲ ಬಿಸಿಲಿನಲ್ಲಿ ಕಂಬಳಿ ಹಾಸಿದೆವು. ಗರಗದಾಯಿ ಸೆರಗು ಎಳೆದುಕೊಂಡು ಬಂದು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತಳು. ಅಳಿಯ ಅದರ ಹಿಂದೆ ಇದ್ದನಲ್ಲ, ಪದ್ಧತಿ ಬಿಡಲಿಕ್ಕೆ ಆಗುತ್ತದೆಯೇ? ನಾನು ಹೋಗಿ ತಿರುಗಿಸಿ ಕೂಡ್ರಿಸಿದೆ. ಮಾಮಾ ಹಿಡಿಕೆ ಹಿಡಿದ. ಕೈ ಒಂದೇ ಸಮ ತಿರುಗಬೇಕೆಂದು ಬಾಯಲ್ಲೇ ಒಂದು ಭಜನೆಯ ತಾಳ ಹಾಕಿಕೊಳ್ಳುತ್ತಿದ್ದ.

ಆಯಿ ಸೆರಗು ಹಿಂದಕ್ಕೆ ಸರಿಸಿ, ಎದೆಯ ಮೇಲೆ ಕೈಯಿಟ್ಟು ರಾಗ ಎತ್ತಿದಳು.

"ನೂಲಿನ ಎಳಿಯಂಥಾಕಿ ನನ್ನವ್ವಾ, ಹರಕೊಂಡು ಎಲ್ಲಿ ಹೋದ್ಯವ್ವಾ. ಹತ್ತಿ ಹೂವು ಮುಡಿದಾಕಿ ನನ್ನವ್ವಾ, ಯಾರ ಮನಿ ತುಂಬಾಕ ಕೊಟ್ನವ್ವಾ."

ಹೀಗೆ ಹುಟ್ಟು, ತೊಟ್ಟಿಲು, ಮದುವೆ ಎಲ್ಲ ಬಂತು. ರಾಗ ಏರುತ್ತ ಹೋಯಿತು. ಏರಿದ ಮೇಲೆ ಆಕೆಯ ಬೆರಳು ಎದ್ದು ನೇರ ಮಾಮಾನ ಕಡೆ ನಿಂತಿತು.

"ಊರ ಹೆಣದ ಗದ್ದಾ ಎತ್ತಿದವನ, ನನ್ನ ಮಗಳ ಮಾರಿ ಯಾಕ ಎತ್ತಲಿಲ್ಲೋ. ಗೌಡನ ಮನಿಗೆ ಓಡಿ ಹೋದವನ, ನಿನ್ನ ಮನಿಗೆ ಯಾಕ ತಡಾ ಮಾಡಿದ್ಯೋ. ಊರಿಗೆಲ್ಲಾ ಫೋಟೋ ಕೊಟ್ಟವನ, ನನಗ ಕರೀ ಬಟ್ಟಿ ತೋರಿಸಿದ್ಯಲ್ಲೋ. ಮಕ್ಕಳಿಲ್ಲದಾಕಿ ನನ್ನವ್ವಾ, ಹಿಂದ ಉಳಿದದ್ದು ಏನವ್ವಾ."

ನಾನು ಮಾಮಾನನ್ನು ನೋಡಿದೆ. ಭಜನೆಯ ತಾಳ ಬಾಯಿಂದ ಯಾವಾಗಲೋ ಬಿದ್ದುಹೋಗಿತ್ತು. ಕೈ ಮಾತ್ರ ತಿರುಗುತ್ತಿತ್ತು, ಕೆಲವೊಮ್ಮೆ ಕೆಸರಿನಲ್ಲಿಯ ಚಕ್ಕಡಿಯ ಗಾಲಿಯಂತೆ. ಒಳಗಿನ ರೀಲು ಮುಗಿದು, ಸಪ್ಪಳ ಬದಲಾಯಿತು. ರೀಲು ಎಳೆಯುವ ಹಲ್ಲುಗಾಲಿಯ ಖಾಲಿ ಟಕಟಕ. ಅದು ನನಗೇ ತಿಳಿದ ಮೇಲೆ ಮಾಮಾಗೆ ತಿಳಿಯದೇ ಇರುತ್ತದೆಯೇ? ಆದರೂ ಅವನು ಖಾಲಿ ಕ್ಯಾಮೆರಾವನ್ನು ತಿರುವುತ್ತಲೇ ಇದ್ದ, ಆಕೆ ಮುಗಿಸುವವರೆಗೂ.

ಆಯಿ ಮುಖ ಒರೆಸಿಕೊಂಡಳು. ಸೆರಗು ಮುಂದಕ್ಕೆ ಎಳೆದುಕೊಂಡಳು. ನನ್ನ ಕಡೆ ತಿರುಗಿ, "ಅವರಿಗೆ ಕೇಳು, ಇಷ್ಟು ಸಾಕೇನು?" ಎಂದಳು.

"ಸಾಕು ಅಂತ ಹೇಳು," ಎಂದ ಮಾಮಾ.

ಕೊಲ್ಲಾಪುರಕ್ಕೆ ಕಳಿಸಿ ರೀಲು ತೊಳೆಸಿ ತರಿಸಿದೆವು. ಚಾಚಾ ಥೇಟರಿನ ಮಾಲಕರನ್ನು ಒಪ್ಪಿಸಿ ಒಂದು ರವಿವಾರ ಮಧ್ಯಾಹ್ನ, ಆಟ ಸುರು ಆಗುವ ಮೊದಲು, ಥೇಟರು ಬಿಡಿಸಿ ಕೊಟ್ಟ. ಮಾಮಾ ತನ್ನ ಗಿರಾಕಿಗಳನ್ನು ಕರೆದಿದ್ದ. ಅಂದರೆ ಗಿರಾಕಿಗಳ ಮಕ್ಕಳನ್ನು, ಸೊಸೆಯಂದಿರನ್ನು. ಓಣಿಯವರೂ ಬಂದರು. ಹೆಣ್ಣುಮಕ್ಕಳ ಕಡೆ ಗರಗದಾಯಿ.

ಬಾಗಿಲಲ್ಲಿ ಮಾಮಾ ನನ್ನ ತೋಳು ಹಿಡಿದ. "ಮಗಳ ಗುಣಾ ಹೇಳು. ತೊಟ್ಟಲಾ, ಮದುವಿ, ಭಕ್ತಿ ಇಷ್ಟಽ. ಮುಂದಿಂದು ಬ್ಯಾಡ. ಗಿರಾಕಿ ಅದಾರ."

ಒಳಗೆ ಹೋದರೆ ಆಯಿ ಕೈಸನ್ನೆ ಮಾಡಿ ಕರೆದಳು. "ನಾ ಅಂದದ್ದನ್ನಽ ಅನ್ನು. ಒಂದು ಮಾತು ಬಿಟ್ಟೀ ಅಂದ್ರ ನಾನಽ ಎದ್ದು ಬರತೇನಿ."

ರಾಜ ರಾಣಿಯರ ಜಗಳದಲ್ಲಿ ಇಬ್ಬರ ಬಾಯಿಯೂ ಆದವನಿಗೆ, ಯಾರ ಬಾಯಿ ಆಗಬೇಕೆಂದು ತಿಳಿಯದೆ ಹೋದದ್ದು ಅದೇ ಮೊದಲು. ಪಡದೆಯ ಬಾಜೂ ಹೋಗಿ ನಿಂತೆ. ಚಾಚಾ ಬೆಳಕು ಬಿಟ್ಟ.

ಗರಗದಾಯಿ ಪಡದೆಯ ತುಂಬ ಬಂದಳು. ಆನೆಯಷ್ಟು ದೊಡ್ಡವಳು. ಎದೆಯ ಮೇಲೆ ಕೈಯಿಟ್ಟು ಬಾಯಿ ತೆರೆದಳು, ಮತ್ತು ನಗಲಿಕ್ಕೆ ಹತ್ತಿದಳು.

ಖರೇ ಹೇಳುತ್ತೇನೆ, ನಗುವೇ ಅದು. ಸದ್ದು ತೆಗೆದುಬಿಟ್ಟರೆ ಅಳುವ ಬಾಯಿಗೂ ನಗುವ ಬಾಯಿಗೂ ಏನೂ ವ್ಯತ್ಯಾಸ ಇಲ್ಲ. ಬಾಯಿ ತೆರೆದಿದೆ, ಕಣ್ಣು ಮುಚ್ಚಿವೆ, ಹೆಗಲು ಕುಣಿಯುತ್ತಿವೆ. ಮಾತಿನಿಂದಲೇ ಅಳುವ ಮಂದಿಯ ಅಳುವನ್ನು ನಾವು ಮಾತು ಬಾರದ ಕ್ಯಾಮೆರಾದಿಂದ ಹಿಡಿಯಲಿಕ್ಕೆ ಹೋಗಿದ್ದೆವು. ಒಬ್ಬ ಫೋಟೋದವನು, ಒಬ್ಬ ದನಿಯವನು, ಇಬ್ಬರಿಗೂ ಇದು ಹೊಳೆದಿರಲಿಲ್ಲ. ಮುಂದೆ ಕೂತ ಹುಡುಗರು ಕಿಸಕ್ಕೆಂದರು. ಅವರ ಹಿಂದೆ ದೊಡ್ಡವರು.

ಅದಕ್ಕಿಂತ ಕೆಟ್ಟದ್ದು ಇನ್ನೂ ಬರುವುದಿತ್ತು. ಹಿಡಿಕೆ ತಿರುವುವ ಕೈ ನಿಧಾನ ಆದರೆ ಪಡದೆಯ ಮೇಲೆ ಎಲ್ಲವೂ ಲಗೂ ಲಗೂ ಓಡುತ್ತದೆ, ಇದು ಸಿನಿಮಾದ ಮೂಲ ಹಿಸಾಬು. ಆಯಿಯ ಮಾತು ತಾಕಿದಾಗೆಲ್ಲ ಮಾಮಾನ ಕೈ ನಿಧಾನ ಆಗಿತ್ತು. ಈಗ ಆ ಜಾಗ ಬಂದಾಗೆಲ್ಲ ಆಯಿ ಹೊಲಿಗೆ ಮಶೀನಿನಂತೆ ಟಪಟಪ ಎದೆ ಬಡಿದುಕೊಂಡಳು, ಗುಬ್ಬಿಯಂತೆ ತಲೆ ಅಲ್ಲಾಡಿಸಿದಳು. ಥೇಟರಿಗೆ ಥೇಟರೇ ಹೊಟ್ಟೆ ಹಿಡಿದು ನಕ್ಕಿತು. ಎಲ್ಲಿ ಅವನಿಗೆ ಹೆಚ್ಚು ನೋವಾಗಿತ್ತೋ ಸರಿಯಾಗಿ ಅಲ್ಲೇ ಹೆಚ್ಚು ನಗು. ಮಂದಿಗೆ ಅದು ಗೊತ್ತಿಲ್ಲ. ನಾನು ಪಡದೆಯ ಬುಡದಲ್ಲಿ ನಿಂತು, ಮಾಮಾನ ಎದೆಯನ್ನು ನಗುವಿನ ಮೇಲಿಂದ ಓದುತ್ತಿದ್ದೆ.

ನಾನು ಬಾಯಿ ತೆರೆಯಲೇಬೇಕಾಯಿತು. ಆಯಿಯ ರಾಗ ಹಿಡಿದೆ, "ನೂಲಿನ ಎಳಿಯಂಥಾಕಿ ನನ್ನವ್ವಾ..." ದನಿ ಎಷ್ಟು ಬರೋಬ್ಬರಿ ಬಂತೆಂದರೆ ಹಿಂದಿನಿಂದ ಒಬ್ಬ ಶಹಬ್ಬಾಸ್ ಎಂದ. ನನಗೆ ನಾಚಿಕೆ ಆದ ಶಹಬ್ಬಾಸಗಿರಿ ಅದೊಂದೇ. ತೊಟ್ಟಿಲು ಹೇಳಿದೆ. ಮದುವೆ ಹೇಳಿದೆ.

ಆಗ ಪಡದೆಯ ಮೇಲೆ ಬೆರಳು ಎದ್ದಿತು.

ಆಯಿ ಅದನ್ನು ತೋರಿಸಿದ್ದು ಮಾಮಾಗೆ. ಆದರೆ ಮಾಮಾ ಕ್ಯಾಮೆರಾದ ಹಿಂದೆ ಇದ್ದನಲ್ಲ. ಹೀಗಾಗಿ ಈಗ ಆ ಬೆರಳು ಥೇಟರಿನಲ್ಲಿ ಕೂತ ಒಬ್ಬೊಬ್ಬರಿಗೂ ನೇರ ತೋರಿಸುತ್ತಿತ್ತು. ಎಲ್ಲಿ ಕೂತವನಿಗೂ ತಪ್ಪಿಸಿಕೊಳ್ಳಲಿಕ್ಕೆ ಬರುವ ಹಾಗಿರಲಿಲ್ಲ. ಗಂಡಸರ ಕಡೆ ನಗು ನಿಂತಿತು. ಎಲ್ಲರೂ ಯಾರೋ ಒಬ್ಬರ ಅಳಿಯಂದಿರೇ. ಹೆಣ್ಣುಮಕ್ಕಳ ಕಡೆಯಿಂದ ಒಬ್ಬಳು, "ಈಗ ಅಳಿಯನ್ನ ಬೈಯಾಕತ್ತಾಳ ನೋಡವ್ವಾ," ಎಂದಳು. ಅವರಿಗೆ ಸದ್ದಿನ ಅವಶ್ಯಕತೆ ಇರಲಿಲ್ಲ.

ನಾನು ಮಾಮಾ ಹೇಳಿದ ಭಕ್ತಿಗೆ ಬಂದೆ. "ದಿನಾಲೂ ಲಿಂಗಪೂಜಿ ಮಾಡಿದಾಕಿ ನನ್ನವ್ವಾ..." ಗರಗದಾಯಿ ಕುರ್ಚಿಯಿಂದ ಏಳಲಿಕ್ಕೆ ಹತ್ತಿದ್ದು ಕತ್ತಲಲ್ಲೂ ಕಂಡಿತು.

ಆಕೆ ಏಳುವ ಮೊದಲೇ ಹಿಂದಿನಿಂದ, ಮಶೀನಿನ ಹತ್ತಿರದಿಂದ ಒಂದು ದನಿ ಬಂತು. ರಾಗ ಇಲ್ಲ, ಏರಿಳಿತ ಇಲ್ಲ, 'ಸ್ವಲ್ಪ ಹಿಂಗ ನೋಡ್ರಿ' ಅನ್ನುವ ಅದೇ ಒಣ ದನಿ.

"ಊರ ಹೆಣದ ಗದ್ದಾ ಎತ್ತಿದವನ, ನನ್ನ ಮಗಳ ಮಾರಿ ಯಾಕ ಎತ್ತಲಿಲ್ಲೋ," ಎಂದ ಮಾಮಾ. "ಹಂಗ ಅನ್ನಾಕತ್ತಾರ ಅವರು. ಆ ಹುಡುಗ ಸುಳ್ಳ ಹೇಳಾಕತ್ತಾನ."

ಮಂದಿಯೆಲ್ಲ ಅವನ ಕಡೆ ತಿರುಗಿದರು. ಮಾಮಾ ಪಡದೆಯನ್ನೇ ನೋಡುತ್ತ ಒಂದೊಂದಾಗಿ ಹೇಳಿದ. ಗೌಡನ ಮನೆಗೆ ಓಡಿದ್ದು, ತಡ ಮಾಡಿದ್ದು, ಕರೀ ಬಟ್ಟೆ. ಆಯಿಯ ಬಾಯಿ ತೆರೆದಾಗ ಸರಿಯಾಗಿ ಮಾತು, ಮುಚ್ಚಿದಾಗ ಸುಮ್ಮನೆ. ದಿನಾಲೂ ಅದೇ ಕೆಲಸ ಮಾಡುತ್ತಿದ್ದ ನನಗೂ ಅಷ್ಟು ಹೊಂದಿಸಿ ಹೇಳಲಿಕ್ಕೆ ಬಂದದ್ದಿಲ್ಲ.

ರೀಲು ಮುಗಿಯಿತು. ಪಡದೆ ಬಿಳಿಯಾಯಿತು. ಚಾಚಾ ದೀಪ ಆರಿಸಲೋ ಬೇಡವೋ ಎಂದು ಹಾಗೇ ಬಿಟ್ಟ.

"ಮಕ್ಕಳಿಲ್ಲದಾಕಿ ಅನ್ನೂದು ಬಿಟ್ಟಿ," ಎಂದಳು ಗರಗದಾಯಿ. ನನಗಲ್ಲ. ಸೆರಗು ಹೆಗಲ ಮೇಲೆಯೇ ಇತ್ತು, ಆಕೆ ಹಿಂದಕ್ಕೆ ತಿರುಗಿ ನೇರ ಅವನನ್ನೇ ನೋಡುತ್ತಿದ್ದಳು.

"ಅದು ರೀಲಿನಾಗ ಬಂದಿಲ್ರಿ," ಎಂದ ಮಾಮಾ. "ಆದ್ರ ಕೇಳೇನಿ. ಹಿಂದ ಉಳಿದದ್ದು ಏನವ್ವಾ ಅಂದ್ರಿ."

"ಹೌದು. ಏನ ಉಳೀತು? ಒಂದು ಫೋಟೋ ಇಲ್ಲ. ಯಾಕ ತಗೀಲಿಲ್ಲ ಹೇಳು."

ಮಾಮಾ ಬಿಳಿ ಪಡದೆಯಿಂದ ಕಣ್ಣು ತೆಗೆದು ಆಕೆಯ ಕಡೆ ತಿರುಗಿದ.

"ಕರೀ ಬಟ್ಟಿಯೊಳಗ, ಕ್ಯಾಮೆರಾದ ಗಾಜಿನಾಗ ಎಲ್ಲಾರೂ ತಲಿಕೆಳಗ ಕಾಣತಾರ್ರಿ. ಆಕೀನೂ ಹಂಗಽ ಕಂಡಳು. ಗದ್ದಾ ಇಳದಿತ್ತು. ತಲಿಕೆಳಗ ನೋಡೋರಿಗೆ ಅದು ಇಳದಂಗ ಕಾಣೂದಿಲ್ಲ, ಮಾರಿ ಎತ್ತಿ ನಗಾಕತ್ತಂಗ ಕಾಣತೈತಿ. ಹೋಗಿ ಸರಿ ಮಾಡಿದ್ರ ಆಕಿ ಸತ್ತಂಗ ಆಕ್ಕಾಳ ಅನಿಸ್ತು. ಅಲ್ಲೇ ನೋಡಕೋತ ನಿಂತೆ."

"ಅಷ್ಟು ಹೊತ್ತೂ ನೋಡಿದಿ?"

"ಅಷ್ಟು ಹೊತ್ತೂ."

ಗರಗದಾಯಿ ಕೂತಳು. "ನನಗ ನೋಡಾಕ ಬಿಡಲಿಲ್ಲ, ಎಬ್ಬಿಸಿದ್ರು. ಹ್ಯಾಂಗ ಕಂಡಳು ಹೇಳು."

ಮಾಮಾ ಹೇಳತೊಡಗಿದ. ವಿಭೂತಿಯ ಮಧ್ಯದ ಗೆರೆ ಸ್ವಲ್ಪ ಎಡಕ್ಕೆ ಹೋಗಿತ್ತು, ಯಾರೋ ಅವಸರದಲ್ಲಿ ಹಚ್ಚಿದ್ದರು. ಬಲಗಿವಿಯ ಹಿಂದಿನಿಂದ ಒಂದು ಕೂದಲ ಎಳೆ ಬಿಟ್ಟುಹೋಗಿ ಕೆನ್ನೆಗೆ ಹತ್ತಿತ್ತು. ಹಸಿರು ಕುಬಸದ ತೋಳಿನ ಮೇಲೆ ಒಂದು ಮಲ್ಲಿಗೆ ಬಿದ್ದಿತ್ತು. ಗದ್ದದ ಮೇಲೆ ಕಿಡಕಿಯ ಬೆಳಕು ಇತ್ತು, ಹೊತ್ತು ಇಳಿದ ಹಾಗೆ ಅದು ತುಟಿಗೆ ಬಂತು, ಆಮೇಲೆ ಮೂಗುಬೊಟ್ಟಿಗೆ. ಆಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು, ನಡುನಡುವೆ "ಯಾವ ಕುಬಸಾ, ಜರಿ ದಂಡಿ ಇದ್ದದ್ದೇನು?" ಎಂದು ವಿಚಾರಿಸುತ್ತಿದ್ದಳು. ಅವನು, "ಹೌದ್ರಿ, ನೀವಽ ಕೊಟ್ಟದ್ದು" ಎನ್ನುತ್ತಿದ್ದ. ಥೇಟರಿನ ಮಂದಿಯೆಲ್ಲ ಬಿಳಿ ಪಡದೆಯ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ನಾನು ಇನ್ನೂ ಅದರ ಬಾಜೂ ನಿಂತೇ ಇದ್ದೆ, ಬಾಯಿ ಅರ್ಧ ತೆರೆದುಕೊಂಡು. ಮುಂದಿನ ಬಾಕಿನ ಮೇಲಿದ್ದ ಮುದುಕನೊಬ್ಬ ಕೋಲಿನಿಂದ ನನ್ನ ಕಾಲು ತಟ್ಟಿದ.

"ತಮ್ಮಾ, ಸ್ವಲ್ಪ ಬಾಜೂ ಸರಿ," ಎಂದ. "ಕಾಣವಲ್ದು."